ಮಗುವಿಗೆ ಜ್ವರ ಬಂದ ದಿನ: ಒಬ್ಬರೇ ಮಕ್ಕಳನ್ನು ಬೆಳೆಸುವವರು ಪಾರ್ಟ್ ಟೈಮ್ ಕೆಲಸ ಆರಿಸುವ ಮುನ್ನ

ಕೆಲಸ ಹುಡುಕಲು ಶುರು ಮಾಡಿದಾಗ ನಾನು ಎಲ್ಲರನ್ನೂ ಕೇಳುತ್ತಿದ್ದದ್ದು ಒಂದೇ ಮಾತು: ದಿನಕ್ಕೆ ಎಷ್ಟು ಗಂಟೆ? ನಾಲ್ಕು ಗಂಟೆ ಅಂದರೆ ಖುಷಿ. ಎಂಟು ಗಂಟೆ ಅಂದರೆ ಅಲ್ಲಿಗೇ ಬಿಟ್ಟುಬಿಡುತ್ತಿದ್ದೆ. ಗಂಟೆ ಕಡಿಮೆಯಾದಷ್ಟೂ ಮಗಳಿಗೆ ಒಳ್ಳೆಯದು ಅಂತ ನಂಬಿದ್ದೆ. ಹಾಗೆ ನಂಬಿಕೊಂಡೇ ನಾಲ್ಕು ಗಂಟೆಯ ಒಂದು ಕೌಂಟರ್ ಕೆಲಸಕ್ಕೆ ಸೇರಿದೆ.

ಸೇರಿದ ಮೂರನೇ ವಾರ, ಬೆಳಿಗ್ಗೆ ಹತ್ತೂವರೆಗೆ ಶಾಲೆಯಿಂದ ಫೋನ್ ಬಂತು. ಮಗಳಿಗೆ ಜ್ವರ, ಬಂದು ಕರೆದುಕೊಂಡು ಹೋಗಿ ಅಂದರು. ನನ್ನ ಬದಲು ಕೂರುವವರು ಯಾರೂ ಇರಲಿಲ್ಲ. "ಒಂದು ಗಂಟೆಗೆ ಹೇಗೂ ನಿಮ್ಮದು ಮುಗಿಯುತ್ತಲ್ಲ ಮೇಡಂ, ಮುಗಿಸಿಕೊಂಡೇ ಹೋಗಿ" ಅಂದರು ಸೂಪರ್‌ವೈಸರ್. ಎರಡೂವರೆ ಗಂಟೆ ಕಾದೆ. ನಾನು ಹೋದಾಗ ಅವಳು ಆಫೀಸ್ ರೂಮಿನ ಬೆಂಚಿನ ಮೇಲೆ ಬ್ಯಾಗನ್ನೇ ದಿಂಬು ಮಾಡಿಕೊಂಡು, ಶೂ ಕೂಡ ಬಿಚ್ಚದೆ ಮಲಗಿದ್ದಳು. ಕೆನ್ನೆಯ ಮೇಲೆ ಬ್ಯಾಗಿನ ಜಿಪ್ಪಿನ ಅಚ್ಚು ಬಿದ್ದಿತ್ತು.

ಆಮೇಲೆ ಯಾವ ಕೆಲಸದ ಬಗ್ಗೆ ವಿಚಾರಿಸಿದರೂ ನಾನು ಮೊದಲು ಯೋಚಿಸುವುದು ಇದನ್ನೇ: ಮಗುವಿಗೆ ಜ್ವರ ಬಂದ ದಿನ ಈ ಕೆಲಸದ ಗತಿ ಏನು? ಸಂಬಳ, ಗಂಟೆ, ದೂರ ಎಲ್ಲ ಆಮೇಲೆ.

ಇದು ಅಪರೂಪದ ದಿನ ಅಂತ ಅಂದುಕೊಳ್ಳಬೇಡಿ. ಚಿಕ್ಕ ಮಕ್ಕಳಿಗೆ ವರ್ಷಕ್ಕೆ 6ರಿಂದ 8 ಸಲ ನೆಗಡಿ ಬರುವುದು ಮಾಮೂಲಿ ಅಂತ ಮಕ್ಕಳ ಡಾಕ್ಟರುಗಳೇ ಹೇಳುತ್ತಾರೆ. ಹೊಸದಾಗಿ ಡೇ ಕೇರ್‌ಗೆ ಹೋಗುವ ಮಗುವಿಗೆ ಇನ್ನೂ ಜಾಸ್ತಿ. ಸಲಕ್ಕೆ ಎರಡು ದಿನ ಮನೆಯಲ್ಲಿಟ್ಟುಕೊಂಡರೂ 12ರಿಂದ 16 ದಿನ ಆಯಿತು. ಇದರ ಮೇಲೆ ಶಾಲೆಯ ರಜೆ. ವಾರಕ್ಕೆ ಐದು ದಿನ ದುಡಿಯುವವರಿಗೆ ವರ್ಷಕ್ಕೆ 260 ಕೆಲಸದ ದಿನ. ಶಾಲೆ ನಡೆಯುವುದು 200 ದಿನ ಅಂತ ಇಟ್ಟುಕೊಳ್ಳಿ. ನಡುವೆ 60 ದಿನ ಉಳಿಯಿತು. ನಿಮಗೆ 20 ದಿನ ರಜೆ ಸಿಕ್ಕರೂ 40 ದಿನ ಮಗು ಮನೆಯಲ್ಲಿ, ನೀವು ಕೆಲಸದಲ್ಲಿ. ಇಬ್ಬರಿರುವ ಮನೆಯಲ್ಲಿ ಈ ದಿನಗಳನ್ನು ಹಂಚಿಕೊಳ್ಳಬಹುದು. ನಮ್ಮಂಥವರ ಮನೆಯಲ್ಲಿ, ಅಮ್ಮ ಆಗಲಿ ಅಪ್ಪ ಆಗಲಿ, ಅಷ್ಟೂ ಒಬ್ಬರ ಹೆಗಲಿಗೇ ಬೀಳುತ್ತದೆ.

ಗಂಟೆ ಕಡಿಮೆ ಇರುವುದೇ ಬೇರೆ, ಗಂಟೆ ನಮ್ಮ ಕೈಯಲ್ಲಿ ಇರುವುದೇ ಬೇರೆ. ಜಾಹೀರಾತಿನಲ್ಲಿ "ಫ್ಲೆಕ್ಸಿಬಲ್" ಅಂತ ಬರೆದಿದ್ದರೆ ಯಾರಿಗೆ ಫ್ಲೆಕ್ಸಿಬಲ್ ಅಂತ ಕೇಳಿ ತಿಳಿದುಕೊಳ್ಳಿ. "ಕರೆದಾಗ ಬರಬೇಕು" ಅನ್ನುವುದಕ್ಕೂ ಆ ಪದವನ್ನೇ ಬಳಸುತ್ತಾರೆ.

ಮೊದಲು ಒಂದು ಹಾಳೆ, ಒಂದು ಲೆಕ್ಕ

ಯಾವ ಕೆಲಸ ಅಂತ ನೋಡುವ ಮೊದಲು ನಿಮ್ಮ ವಾರವನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಮಗು ಎಷ್ಟು ಗಂಟೆಗೆ ಹೊರಡುತ್ತದೆ, ಎಷ್ಟಕ್ಕೆ ವಾಪಸ್, ಯಾವ ಹೊತ್ತಿನಲ್ಲಿ ಬೇರೆಯವರು ನೋಡಿಕೊಳ್ಳಬಲ್ಲರು, ಯಾವ ಹೊತ್ತಿನಲ್ಲಿ ನೀವೇ ಇರಬೇಕು. "ಯಾರಾದರೂ ನೋಡಿಕೊಳ್ಳಬಹುದು" ಅನ್ನುವ ಜಾಗದಲ್ಲಿ ಆ "ಯಾರಾದರೂ" ಯಾರು ಅಂತ ಹೆಸರು ಬರೆಯಿರಿ. ಹೆಸರು ಹೊಳೆಯದಿದ್ದರೆ ಆ ಹೊತ್ತು ನಿಮ್ಮದೇ.

ಆಮೇಲೆ ದುಡ್ಡಿನ ಲೆಕ್ಕ. ಇದನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಫುಲ್ ಟೈಮ್ ಸಂಬಳ ನೂರು ಪಾಲು ಅಂತ ಇಟ್ಟುಕೊಳ್ಳಿ. ಅದರಲ್ಲಿ ಡೇ ಕೇರ್‌ಗೆ 30, ಓಡಾಟಕ್ಕೆ 8. ಉಳಿದದ್ದು 62. ಎಂಟು ಗಂಟೆ ಕೆಲಸ, ಹೋಗಿ ಬರಲು ಒಂದೂವರೆ ಗಂಟೆ, ಒಟ್ಟು ಒಂಬತ್ತೂವರೆ ಗಂಟೆ. ಅಂದರೆ ಗಂಟೆಗೆ ಆರೂವರೆ ಪಾಲು.

ಈಗ ಅರ್ಧ ದಿನದ ಕೆಲಸ, ಬೆಳಿಗ್ಗೆ, ಮಗು ಶಾಲೆಯಲ್ಲಿರುವ ಹೊತ್ತಿನಲ್ಲಿ. ಸಂಬಳ 50, ಡೇ ಕೇರ್ ಬೇಡ, ಓಡಾಟಕ್ಕೆ ಅದೇ 8. ಉಳಿದದ್ದು 42. ನಾಲ್ಕು ಗಂಟೆ ಕೆಲಸ, ಒಂದೂವರೆ ಗಂಟೆ ದಾರಿ. ಗಂಟೆಗೆ ಏಳೂವರೆ ಪಾಲಿನ ಮೇಲೆಯೇ ಬಂತು. ಫುಲ್ ಟೈಮ್‌ಗಿಂತ ವಾಸಿ!

ಅದೇ ಅರ್ಧ ದಿನದ ಕೆಲಸ ಮಧ್ಯಾಹ್ನದ ಮೇಲೆ ಆದರೆ? ಎಷ್ಟೋ ಡೇ ಕೇರ್‌ಗಳಲ್ಲಿ ಮಗು ಎರಡು ಗಂಟೆ ಇದ್ದರೂ ಪೂರ್ತಿ ತಿಂಗಳ ಫೀಸ್. ಆಗ 50ರಲ್ಲಿ 30 ಹೋಯಿತು, 8 ಹೋಯಿತು, ಉಳಿದದ್ದು 12. ಗಂಟೆಗೆ ಎರಡು ಪಾಲು ಚಿಲ್ಲರೆ. ಕೆಲಸ ಅದೇ, ಸಂಬಳ ಅದೇ. ಹೊತ್ತು ಬದಲಾದದ್ದಕ್ಕೆ ಕೈಗೆ ಬರುವುದು ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾಯಿತು. ಇವು ನಾನು ಉದಾಹರಣೆಗೆ ಹಾಕಿಕೊಂಡ ಅಂಕಿಗಳು. ನಿಮ್ಮ ಅಂಕಿ ಹಾಕಿ ನೋಡಿ. ನನ್ನ ವಿಷಯದಲ್ಲಿ ಈ ಒಂದು ಲೆಕ್ಕವೇ ಎರಡು ಆಫರ್‌ಗಳನ್ನು ಬೇಡ ಅನ್ನಿಸಿತು.

ನಿಗದಿತ ಹೊತ್ತಿನ ಪಾರ್ಟ್ ಟೈಮ್

ಅಂಗಡಿ, ಕ್ಲಿನಿಕ್‌ನ ರಿಸೆಪ್ಷನ್, ಲೈಬ್ರರಿ, ಸಣ್ಣ ಆಫೀಸಿನ ಲೆಕ್ಕಪತ್ರ. ಸೋಮವಾರದಿಂದ ಶುಕ್ರವಾರದವರೆಗೆ ಇಷ್ಟರಿಂದ ಇಷ್ಟು ಗಂಟೆ ಅಂತ ಗೊತ್ತಿರುವ ಕೆಲಸ. ಇದರ ದೊಡ್ಡ ಗುಣ ನೆಮ್ಮದಿ. ತಿಂಗಳಿಗೆ ಎಷ್ಟು ಬರುತ್ತದೆ ಅಂತ ಗೊತ್ತು, ಮಗುವಿಗೂ ಅಮ್ಮ ಅಥವಾ ಅಪ್ಪ ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ಗೊತ್ತು. ಶಾಲೆಯ ವೇಳೆಗೆ ಹೊಂದಿಕೊಂಡರಂತೂ ಇದಕ್ಕಿಂತ ಒಳ್ಳೆಯದು ಕಡಿಮೆ.

ಜ್ವರದ ದಿನ ಮಾತ್ರ ಇದು ಕೈಕೊಡುತ್ತದೆ. ಕೌಂಟರ್‌ನಲ್ಲಿ ಒಬ್ಬರೇ ಇರುವ ಕೆಲಸವಾದರೆ ನೀವಿಲ್ಲದೆ ನಡೆಯುವುದೇ ಇಲ್ಲ. ಅದಕ್ಕೇ ಸೇರುವ ಮುನ್ನ ಒಂದು ವಿಷಯ ವಿಚಾರಿಸಿ: ಅದೇ ಕೆಲಸ ಮಾಡುವ ಇನ್ನೊಬ್ಬರು ಇದ್ದಾರಾ? ಮೂವರು ನಾಲ್ವರು ಇರುವ ಕಡೆ ಶಿಫ್ಟ್ ಅದಲುಬದಲು ಮಾಡಿಕೊಳ್ಳಬಹುದು. ಒಂದೇ ಹುದ್ದೆಯನ್ನು ಇಬ್ಬರು ಹಂಚಿಕೊಳ್ಳುವ ಪದ್ಧತಿ ಕೆಲವು ಕಡೆ ಇದೆ, ಒಬ್ಬರು ಬೆಳಿಗ್ಗೆ, ಒಬ್ಬರು ಮಧ್ಯಾಹ್ನ. ಹೊಂದಿಕೆಯಾಗುವ ಜೊತೆ ಸಿಕ್ಕರೆ ಅದು ಭಾಗ್ಯ. ನಿಮ್ಮ ಜೊತೆಗಾರರಿಗೂ ಮಕ್ಕಳಿದ್ದರೆ ಇನ್ನೂ ಒಳ್ಳೆಯದು, ಹೇಳದೆಯೇ ಅರ್ಥವಾಗುತ್ತದೆ.

ಇಲ್ಲಿ ಇನ್ನೊಂದು ಅಪಾಯ ಇದೆ. ಅರ್ಧ ಸಂಬಳ, ಪೂರ್ತಿ ಕೆಲಸ. ಫುಲ್ ಟೈಮ್ ಹುದ್ದೆಯನ್ನೇ ಪಾರ್ಟ್ ಟೈಮ್ ಅಂತ ಮಾಡಿ, ಕೆಲಸದ ಪಟ್ಟಿಯನ್ನು ಮಾತ್ರ ಹಾಗೇ ಬಿಟ್ಟಿರುತ್ತಾರೆ. ನನ್ನ ಗೆಳತಿಯೊಬ್ಬಳು ಹೀಗೇ ಅರ್ಧ ದಿನಕ್ಕೆ ಇಳಿದು, ಉಳಿದದ್ದನ್ನು ಮಗ ಮಲಗಿದ ಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ನಿಂತುಕೊಂಡೇ ಮುಗಿಸುತ್ತಿದ್ದಳು. ಕೂತರೆ ನಿದ್ದೆ ಬರುತ್ತದೆ ಅಂತ. ಗಂಟೆ ಕಡಿಮೆ ಮಾಡುವಾಗ ಯಾವ ಯಾವ ಕೆಲಸ ಬೇರೆಯವರಿಗೆ ಹೋಗುತ್ತದೆ ಅಂತ ಬರೆಸಿಕೊಳ್ಳಲೇಬೇಕು.

ಪಾರ್ಟ್ ಟೈಮ್ ಅಂದಮಾತ್ರಕ್ಕೆ ಗಂಟೆಯ ದರ ಕಡಿಮೆ ಆಗಬೇಕಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1994ರ 175ನೇ ಒಡಂಬಡಿಕೆ ಇದನ್ನೇ ಹೇಳುತ್ತದೆ. ಅದೇ ಕೆಲಸ ಮಾಡುವ ಫುಲ್ ಟೈಮ್ ನೌಕರರಿಗೆ ಗಂಟೆಗೆ ಸಿಗುವ ಮೂಲ ವೇತನಕ್ಕಿಂತ ಪಾರ್ಟ್ ಟೈಮ್‌ನವರಿಗೆ ಕಡಿಮೆ ಆಗಬಾರದು. 1981ರ 156ನೇ ಒಡಂಬಡಿಕೆ ಪ್ರಕಾರ, ಮನೆಯ ಜವಾಬ್ದಾರಿ ಇದೆ ಅನ್ನುವುದು ಕೆಲಸದಿಂದ ತೆಗೆಯಲು ಕಾರಣ ಆಗಲಾರದು. ಇವು ಒಪ್ಪಿ ಸಹಿ ಹಾಕಿದ ದೇಶಗಳಿಗೆ ಮಾತ್ರ ಅನ್ವಯ. ನಿಮ್ಮ ದೇಶದ ಕಾನೂನು ಏನಿದೆ ಅಂತ ನೋಡಿಕೊಳ್ಳಿ. ಆರೋಗ್ಯ ವಿಮೆ, ಪಿಂಚಣಿ, ಸಂಬಳ ಸಹಿತ ರಜೆ ಎಷ್ಟೋ ಕಡೆ ವಾರಕ್ಕೆ ಇಂತಿಷ್ಟು ಗಂಟೆ ದುಡಿದರೆ ಮಾತ್ರ ಸಿಗುತ್ತದೆ. ಆ ಗೆರೆಗಿಂತ ಒಂದೇ ಗಂಟೆ ಕಡಿಮೆ ಇರುವ ಹಾಗೆ ಆಫರ್ ಬಂದರೆ, ಆ ಒಂದು ಗಂಟೆ ಸೇರಿಸಿ ಅಂತ ಕೇಳಿ. ಸುಮ್ನೆ ಒಪ್ಪಿಕೊಳ್ಳಬೇಡಿ.

ಫುಲ್ ಟೈಮೇ, ಆದರೆ ಹೊತ್ತು ಹಿಂದೆ ಮುಂದೆ

ಹೆಚ್ಚಿನವರು ಇದನ್ನು ಪಟ್ಟಿಗೇ ಸೇರಿಸುವುದಿಲ್ಲ. ನಾನು ಸೇರಿಸುತ್ತೇನೆ. ಒಬ್ಬರದೇ ದುಡಿಮೆಯ ಮನೆಗೆ ಅರ್ಧ ಸಂಬಳ ಸಾಲದೇ ಹೋಗಬಹುದು, ಅಲ್ವಾ?

ಫ್ಲೆಕ್ಸಿ ಟೈಮ್ ಅನ್ನುವುದು ಹಳೆಯ ವ್ಯವಸ್ಥೆ. 1967ರಲ್ಲೇ ಪಶ್ಚಿಮ ಜರ್ಮನಿಯಲ್ಲಿ ವಿಮಾನ ತಯಾರಿಸುವ ಒಂದು ಕಂಪನಿ ಇದನ್ನು ಜಾರಿಗೆ ತಂದಿತ್ತು. ದಿನದ ನಡುವೆ ಕೆಲವು ಗಂಟೆ ಎಲ್ಲರೂ ಇರಲೇಬೇಕು, ಉಳಿದ ಗಂಟೆಗಳನ್ನು ಬೇಗ ಬಂದೋ ತಡವಾಗಿ ಹೋಗಿಯೋ ತುಂಬಿಸಿಕೊಳ್ಳಬಹುದು. ಮಗುವನ್ನು ಶಾಲೆಗೆ ಬಿಟ್ಟು ಬರಲು ಬೇಕಾದ ಮುಕ್ಕಾಲು ಗಂಟೆ ಎಷ್ಟೋ ಜನರ ಇಡೀ ಸಮಸ್ಯೆ. ಅದಕ್ಕೋಸ್ಕರ ಅರ್ಧ ಸಂಬಳಕ್ಕೆ ಇಳಿಯಬೇಕಿಲ್ಲ. ಒಂಬತ್ತರ ಬದಲು ಹತ್ತಕ್ಕೆ ಬರುತ್ತೇನೆ ಅಂದರೆ ಸಾಕಾಗಬಹುದು.

ಜ್ವರದ ದಿನ ಇದು ಪಾರ್ಟ್ ಟೈಮ್‌ಗಿಂತ ಒಳ್ಳೆಯದೇ ಇರುತ್ತದೆ ಅನ್ನುವುದು ನನ್ನ ಅನುಭವ. ಯಾಕೆಂದರೆ ಫುಲ್ ಟೈಮ್ ಹುದ್ದೆಗೆ ಸಂಬಳ ಸಹಿತ ರಜೆ ಜೊತೆಗೇ ಬರುತ್ತದೆ. ಅರ್ಧ ದಿನ ಹೋಗಿ ಬಂದು, ಆ ಗಂಟೆಗಳನ್ನು ಇನ್ನೊಂದು ದಿನ ತುಂಬಿಕೊಡಬಹುದು.

ವಾರದ 40 ಗಂಟೆಯನ್ನು ನಾಲ್ಕೇ ದಿನಕ್ಕೆ ಹಿಂಡುವ ಪದ್ಧತಿ ಮಾತ್ರ ನಮಗೆ ಹೇಳಿ ಮಾಡಿಸಿದ್ದಲ್ಲ. ದಿನಕ್ಕೆ ಹತ್ತು ಗಂಟೆ, ಮೇಲೆ ದಾರಿ. ಅಷ್ಟು ಹೊತ್ತು ತೆರೆದಿರುವ ಡೇ ಕೇರ್ ಸಿಗುವುದು ಕಷ್ಟ. ಮಗು ಎದ್ದಿರುವ ಹೊತ್ತಿನಲ್ಲಿ ನೀವು ಮನೆಯಲ್ಲೇ ಇರುವುದಿಲ್ಲ. ಮನೆಯಲ್ಲಿ ಅಜ್ಜಿಯೋ ಅಜ್ಜನೋ ಇದ್ದರೆ ಮಾತ್ರ ಯೋಚಿಸಿ.

ವರ್ಕ್ ಫ್ರಂ ಹೋಮ್: ಎರಡು ಬೇರೆ ಬೇರೆ ಕೆಲಸಗಳಿಗೆ ಒಂದೇ ಹೆಸರು

ಮನೆಯಿಂದ ಕೆಲಸ ಅಂದ ತಕ್ಷಣ "ಒಳ್ಳೆಯದಾಯ್ತು ಬಿಡು, ಮಗೂನೂ ನೋಡಿಕೊಂಡಹಾಗಾಯ್ತು" ಅನ್ನುತ್ತಾರೆ. ಈ ಮಾತನ್ನು ದಯವಿಟ್ಟು ನಂಬಬೇಡಿ. ಐದು ವರ್ಷದೊಳಗಿನ ಮಗುವನ್ನು ನೋಡಿಕೊಳ್ಳುವುದೇ ಒಂದು ಪೂರ್ತಿ ಕೆಲಸ. ಒಂದೇ ಹೊತ್ತಿನಲ್ಲಿ ಎರಡನ್ನೂ ಮಾಡಲು ಹೋದರೆ ಮಗುವಿಗೂ ಬೈಗುಳ, ನಮಗೂ ಬೈಗುಳ. ಮನೆಯಿಂದ ಕೆಲಸ ಉಳಿಸುವುದು ದಾರಿಯ ಹೊತ್ತನ್ನು. ಮಗು ನೋಡಿಕೊಳ್ಳುವವರ ಖರ್ಚನ್ನು ಉಳಿಸುವುದಿಲ್ಲ. ಶಾಲೆಗೆ ಹೋಗುವ ಮಗುವಾದರೆ ಮಾತು ಬೇರೆ. ಸಂಜೆ ಬಂದು ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಾ ಕೂರುತ್ತದೆ.

ಇದರಲ್ಲೇ ಎರಡು ಬಗೆ ಇದೆ, ಇದನ್ನು ಬಿಡಿಸಿ ನೋಡದೆ ಸೇರಬೇಡಿ. ಒಂದು, ಹೊತ್ತಿಗೆ ಕಟ್ಟಿ ಹಾಕಿದ ಕೆಲಸ: ಕಸ್ಟಮರ್ ಕೇರ್, ಲೈವ್ ಚಾಟ್, ಆನ್‌ಲೈನ್ ಪಾಠ. ಹೆಡ್‌ಸೆಟ್ ಹಾಕಿ ಲಾಗಿನ್ ಆದರೆ ನಿಮಿಷ ನಿಮಿಷದ ಲೆಕ್ಕ ಇರುತ್ತದೆ. ಮಗು ಪಕ್ಕದ ರೂಮಿನಲ್ಲಿ ವಾಂತಿ ಮಾಡಿಕೊಂಡರೂ ಆ ಫೋನ್ ಮುಗಿಯುವವರೆಗೆ ಏಳುವಂತಿಲ್ಲ. ಇನ್ನೊಂದು, ಗಡುವಿಗೆ ಕಟ್ಟಿದ ಕೆಲಸ: ಅಕೌಂಟ್ಸ್, ಅನುವಾದ, ಪ್ರೂಫ್ ನೋಡುವುದು, ಡಿಸೈನ್, ಕೋಡಿಂಗ್, ಧ್ವನಿ ಕೇಳಿ ಟೈಪ್ ಮಾಡುವುದು. ಗುರುವಾರದೊಳಗೆ ಬೇಕು ಅನ್ನುತ್ತಾರೆ. ಬೆಳಿಗ್ಗೆ ಐದಕ್ಕೆ ಮಾಡುತ್ತೀರೋ ರಾತ್ರಿ ಹತ್ತಕ್ಕೆ ಮಾಡುತ್ತೀರೋ ಯಾರೂ ಕೇಳುವುದಿಲ್ಲ. ಜ್ವರದ ದಿನಕ್ಕೆ ಇದಕ್ಕಿಂತ ಹೊಂದುವ ಕೆಲಸ ನಾನು ಕಂಡಿಲ್ಲ.

ಈಗ ನಾನಿರುವುದು ಎರಡನೆಯ ಬಗೆಯಲ್ಲಿ. ಅಕೌಂಟ್ಸ್ ಕೆಲಸ, ವಾರಕ್ಕೆ 25 ಗಂಟೆ. ಬೆಳಿಗ್ಗೆ ಹತ್ತರಿಂದ ಹನ್ನೆರಡು ಫೋನಿಗೆ ಸಿಗಬೇಕು, ಉಳಿದದ್ದು ನನ್ನಿಷ್ಟ. ತಿಂಗಳ ಕೊನೆಯ ಮೂರು ದಿನ ಮಾತ್ರ ತಲೆ ಎತ್ತಲು ಬಿಡುವಿಲ್ಲ. ಆದರೆ ಆ ಮೂರು ದಿನ ಯಾವುದು ಅಂತ ತಿಂಗಳ ಮೊದಲೇ ಗೊತ್ತಿರುತ್ತದೆ, ಅಕ್ಕನಿಗೆ ಹೇಳಿಟ್ಟಿರುತ್ತೇನೆ. ಮೊದಲೇ ಗೊತ್ತಿರುವ ಗಡಿಬಿಡಿಯನ್ನು ನಿಭಾಯಿಸಬಹುದು. ಸಂಜೆ ಐದಕ್ಕೆ ಫೋನ್ ಮಾಡಿ "ಇವತ್ತೇ ಬೇಕು" ಅನ್ನುವ ಕಡೆ ಎಷ್ಟು ಸಂಬಳ ಕೊಟ್ಟರೂ ನಮ್ಮಂಥವರು ಉಳಿಯಲಾರೆವು.

ಸೇರುವ ಮುನ್ನ ಇನ್ನೆರಡು ವಿಚಾರಿಸಿ. ಸ್ಕ್ರೀನಿನ ಫೋಟೋ ತೆಗೆಯುವ, ಮೌಸ್ ಅಲುಗಾಟ ಎಣಿಸುವ ಸಾಫ್ಟ್‌ವೇರ್ ಹಾಕುತ್ತಾರಾ? ಹಾಕಿದರೆ ಗಡುವಿನ ಕೆಲಸವೂ ಹೊತ್ತಿನ ಕೆಲಸವೇ ಆಗಿಬಿಡುತ್ತದೆ. ಇಂಟರ್ನೆಟ್ಟು, ಕಂಪ್ಯೂಟರು, ಕುರ್ಚಿ ಯಾರ ಖರ್ಚು?

ಫ್ರೀಲಾನ್ಸ್

ಸ್ವಾತಂತ್ರ್ಯ ಎಲ್ಲಕ್ಕಿಂತ ಜಾಸ್ತಿ ಇರುವುದು ಇದರಲ್ಲಿ. ಚಿಂತೆಯೂ ಅಷ್ಟೇ. ಎರಡು ವರ್ಷ ಮಾಡಿದ್ದೇನೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ದುಡ್ಡು ಬರುವ ಗಂಟೆ ಬೇರೆ, ಕೆಲಸ ಮಾಡುವ ಗಂಟೆ ಬೇರೆ. ಗಿರಾಕಿ ಹುಡುಕುವುದು, ದರ ಮಾತಾಡುವುದು, ಬಿಲ್ ಕಳಿಸುವುದು, ಬಿಲ್ಲಿನ ದುಡ್ಡು ಬರಲಿಲ್ಲ ಅಂತ ನೆನಪಿಸುವುದು, ತಿದ್ದಿ ಕೊಡುವುದು. ನನ್ನ ಡೈರಿಯಲ್ಲಿ ಬರೆದುಕೊಂಡ ಪ್ರಕಾರ ಮೂರು ಗಂಟೆ ಸಂಬಳದ ಕೆಲಸಕ್ಕೆ ಒಂದು ಗಂಟೆ ಇಂಥ ಬಿಟ್ಟಿ ಕೆಲಸ. ಹಾಗಾಗಿ ನೌಕರಿಯಲ್ಲಿ ಗಂಟೆಗೆ ಸಿಗುತ್ತಿದ್ದ ದರವನ್ನೇ ಇಲ್ಲಿ ಕೇಳಿದರೆ ನಷ್ಟ. ರಜೆ ಇಲ್ಲ, ವಿಮೆ ಇಲ್ಲ, ಪಿಂಚಣಿ ಇಲ್ಲ, ಅದೂ ದರದಲ್ಲೇ ಸೇರಬೇಕು. ಫೈವರ್‌ನಂಥ, ಗಿರಾಕಿ ಹುಡುಕಿಕೊಡುವ ಆನ್‌ಲೈನ್ ವೇದಿಕೆಗಳ ಮೂಲಕ ಹೋದರೆ ಅವರ ಪಾಲು ಬೇರೆ. ಅಲ್ಲಿ ದುಡಿದದ್ದರಲ್ಲಿ 20 ಪರ್ಸೆಂಟ್ ವೇದಿಕೆಗೇ ಹೋಗುತ್ತದೆ.

ಬಿಲ್ ಕಳಿಸಿದ ತಿಂಗಳಿಗೆ ದುಡ್ಡು ಬಂದರೆ ಪುಣ್ಯ. ಮನೆ ಬಾಡಿಗೆ ಆ ತಿಂಗಳು ಕಾಯುವುದಿಲ್ಲ. ಒಂದು ಸಲ ನನ್ನ ಆದಾಯದ ಮುಕ್ಕಾಲು ಪಾಲು ಕೊಡುತ್ತಿದ್ದ ಒಂದೇ ಗಿರಾಕಿ, ಎರಡು ಸಾಲಿನ ಮೇಲ್ ಬರೆದು ಕೆಲಸ ನಿಲ್ಲಿಸಿದರು. ಆ ರಾತ್ರಿ ಮಗಳು ಶಾಲೆಯ ಪ್ರವಾಸದ ಚೀಟಿ ತಂದು ಸಹಿ ಹಾಕು ಅಂದಳು. ಸಹಿ ಹಾಕಿದೆ, ದುಡ್ಡಿನ ಜಾಗ ಖಾಲಿ ಬಿಟ್ಟೆ. ಆಮೇಲೆ ಅರ್ಧಕ್ಕಿಂತ ಜಾಸ್ತಿ ಆದಾಯಕ್ಕೆ ಯಾವ ಒಬ್ಬ ಗಿರಾಕಿಯನ್ನೂ ನೆಚ್ಚಿಕೊಂಡಿಲ್ಲ. ದೊಡ್ಡ ಕೆಲಸಕ್ಕೆ ಮುಂಗಡ ಇಲ್ಲದೆ ಕೈ ಹಾಕಿಲ್ಲ.

ಕೈಯಲ್ಲಿ ಮೂರು ತಿಂಗಳ ಖರ್ಚು ಇದ್ದರೆ ಅಥವಾ ಬೇರೆ ಒಂದು ಖಚಿತ ಆದಾಯ ಇದ್ದರೆ ಫ್ರೀಲಾನ್ಸ್‌ಗೆ ಇಳಿಯಿರಿ. ಈ ತಿಂಗಳ ಬಾಡಿಗೆಗೆ ಈ ತಿಂಗಳೇ ದುಡಿಯಬೇಕು ಅನ್ನುವ ಸ್ಥಿತಿಯಲ್ಲಿದ್ದರೆ ಮೊದಲು ನೌಕರಿ, ಪಕ್ಕದಲ್ಲಿ ಸ್ವಲ್ಪ ಸ್ವಲ್ಪ ಫ್ರೀಲಾನ್ಸ್. ಜ್ವರದ ದಿನ ಯಾರ ಅನುಮತಿಯೂ ಬೇಡ ಅನ್ನುವುದು ನಿಜ. ಆದರೆ ಆ ದಿನದ ದುಡಿಮೆಯೂ ಇಲ್ಲ.

ಆ್ಯಪ್ ಕೆಲಸ, ಕರೆದಾಗ ಬರುವ ಕೆಲಸ

ಡೆಲಿವರಿ, ಟ್ಯಾಕ್ಸಿ, ಮನೆಗೆ ಹೋಗಿ ಮಾಡುವ ಬ್ಯೂಟಿ ಅಥವಾ ಕ್ಲೀನಿಂಗ್ ಕೆಲಸ. ಬೇಕಾದಾಗ ಆನ್, ಬೇಡವಾದಾಗ ಆಫ್ ಅನ್ನುತ್ತಾರೆ. ಆದರೆ ಜಾಸ್ತಿ ದುಡ್ಡು ಸಿಗುವುದು ಸಂಜೆ, ರಾತ್ರಿ, ವಾರಾಂತ್ಯ, ಅಂದರೆ ಮಗು ಮನೆಯಲ್ಲಿರುವ ಹೊತ್ತೇ. ಬೆಳಿಗ್ಗೆ ಹತ್ತರಿಂದ ಎರಡರವರೆಗೆ ಮಾತ್ರ ಮಾಡುತ್ತೇನೆ ಅಂದರೆ ಎಷ್ಟು ಸಿಗುತ್ತದೆ ಅಂತ ಎರಡು ವಾರ ಮಾಡಿ ನೋಡಿ. ಪೆಟ್ರೋಲು, ಗಾಡಿಯ ಸವೆತ, ಆರ್ಡರ್‌ಗೆ ಕಾಯುವ ಹೊತ್ತು ಎಲ್ಲ ಕಳೆಯಿರಿ. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವ ನಡುವೆ ಸೇತುವೆಯಾಗಿ ಇದು ಪರವಾಗಿಲ್ಲ. ಇದನ್ನೇ ನಂಬಿ ಮನೆ ನಡೆಸಿ ಅಂತ ನಾನು ಹೇಳಲಾರೆ. ಒಬ್ಬರೇ ಇರುವ ಮನೆಯಲ್ಲಿ ರಸ್ತೆಯ ಮೇಲಿನ ಅಪಘಾತಕ್ಕೆ ವಿಮೆ ಇದೆಯಾ ಅನ್ನುವ ಪ್ರಶ್ನೆ ದುಡ್ಡಿಗಿಂತ ದೊಡ್ಡದು.

ಈ ವಾರದ ರೋಸ್ಟರ್, ಅಂದರೆ ಯಾರಿಗೆ ಯಾವ ಶಿಫ್ಟ್ ಅನ್ನುವ ಪಟ್ಟಿ, ಭಾನುವಾರ ರಾತ್ರಿ ಕಳಿಸುತ್ತೇವೆ ಅನ್ನುವ ಕೆಲಸಗಳೂ ಇದೇ ಜಾತಿ. ಎರಡು ವಾರ ಮುಂಚೆ ರೋಸ್ಟರ್ ಕೊಡದ ಕಡೆ ಮಗುವಿಗೆ ಯಾವ ವ್ಯವಸ್ಥೆಯನ್ನೂ ಮಾಡಲು ಆಗುವುದಿಲ್ಲ.

ರಾತ್ರಿ ಶಿಫ್ಟ್

ಸಂಬಳ ಜಾಸ್ತಿ, ಮಗು ಮಲಗಿರುವಾಗ ಕೆಲಸ, ಶಾಲೆಗೆ ಹೋದಾಗ ನಿದ್ದೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ರಾತ್ರಿ ಮನೆಯಲ್ಲಿ ನಂಬಿಕಸ್ತರು ಒಬ್ಬರು ಮಲಗಲೇಬೇಕು. ಶಾಲೆಗೆ ರಜೆ ಬಂದರೆ ನಿಮ್ಮ ನಿದ್ದೆಗೂ ರಜೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ, ಮತ್ತೆ 2019ರಲ್ಲಿ, ರಾತ್ರಿ ಪಾಳಿಯನ್ನು ಕ್ಯಾನ್ಸರ್ ತರುವ ಸಂಭವ ಇರುವ ವಿಷಯಗಳ ಪಟ್ಟಿಯಲ್ಲಿ ಇಟ್ಟಿದೆ. ನರ್ಸಿಂಗ್‌ನಂಥ ವೃತ್ತಿಯಲ್ಲಿ ಇದು ತಪ್ಪಿದ್ದಲ್ಲ ಅಂತ ಗೊತ್ತು. ಆಯ್ಕೆ ಇರುವವರು ವರ್ಷಗಟ್ಟಲೆ ಇದರಲ್ಲೇ ಉಳಿಯಬೇಡಿ.

ಶಾಲೆಯೊಳಗಿನ ಕೆಲಸ

ಟೀಚರ್, ಆಫೀಸ್ ಸಹಾಯಕಿ, ಲೈಬ್ರರಿ, ಶಾಲಾ ಬಸ್ಸಿನ ಅಟೆಂಡರ್. ಸಂಬಳ ಕಡಿಮೆ ಇರಬಹುದು, ಆದರೆ ಆಗ ಹೇಳಿದ 60 ದಿನದ ಲೆಕ್ಕ ಇಲ್ಲಿ ಮಾಯ. ಮಗುವಿಗೆ ರಜೆ ಅಂದರೆ ನಿಮಗೂ ರಜೆ. ಆ ದಿನಗಳ ಡೇ ಕೇರ್ ಖರ್ಚನ್ನು ಸಂಬಳಕ್ಕೆ ಸೇರಿಸಿ ನೋಡಿ, ಸಂಬಳ ಅಷ್ಟೇನೂ ಕಡಿಮೆ ಅನ್ನಿಸುವುದಿಲ್ಲ. ರಜೆಯ ತಿಂಗಳುಗಳಿಗೆ ಸಂಬಳ ಇದೆಯಾ ಅಂತ ಮಾತ್ರ ಮೊದಲೇ ಕೇಳಿ.

ಹಾಗಾದರೆ ಯಾವುದು?

ಮಗುವಿಗೆ ಮೂರು ವರ್ಷ ಆಗುವವರೆಗೆ ಜ್ವರದ ದಿನಗಳೇ ಜಾಸ್ತಿ. ಆಗ ರಜೆ ಇರುವ ನೌಕರಿ, ಗಡುವಿನ ಕೆಲಸ ಎರಡರಲ್ಲಿ ಯಾವುದು ಸಿಕ್ಕರೂ ಹಿಡಿಯಿರಿ. ಸಂಬಳ ತುಸು ಕಡಿಮೆ ಇದ್ದರೂ ಸರಿ. ಪ್ರೈಮರಿ ಶಾಲೆಯ ಮಗುವಿದ್ದರೆ ಬೆಳಗಿನ ನಿಗದಿತ ಪಾರ್ಟ್ ಟೈಮ್ ಅಥವಾ ಶಾಲೆಯ ಕೆಲಸಕ್ಕೆ ನನ್ನ ಮೊದಲ ಓಟು. ಹತ್ತು ಹನ್ನೆರಡು ವರ್ಷ ದಾಟಿದ ಮೇಲೆ ಫ್ಲೆಕ್ಸಿ ಟೈಮ್ ಫುಲ್ ಟೈಮ್‌ಗೆ ಹೋಗಿ. ಆ ವಯಸ್ಸಿನಲ್ಲಿ ಫೀಸೂ ಏರುತ್ತದೆ, ನಿಮ್ಮ ಪಿಂಚಣಿಗೂ ಕೂಡಿಡಬೇಕು. ಪಾರ್ಟ್ ಟೈಮ್‌ನಿಂದ ಫುಲ್ ಟೈಮ್‌ಗೆ ವಾಪಸ್ ಹೋಗುವ ದಾರಿ ಇದೆಯಾ ಅಂತ ಇವತ್ತೇ ಕೇಳಿ. ಎಷ್ಟೋ ಕಡೆ ಇಳಿಯಲು ಮೆಟ್ಟಿಲು ಇರುತ್ತದೆ, ಹತ್ತಲು ಇರುವುದಿಲ್ಲ.

ಕೇಳುವುದು ಹೇಗೆ

ಈಗಿರುವ ಆಫೀಸಿನಲ್ಲೇ ಮೊದಲು ಕೇಳಿ. ನಿಮ್ಮ ಕೆಲಸ ನೋಡಿದವರು ಅಲ್ಲಿದ್ದಾರೆ, ಹೊಸ ಕಡೆ ಇಲ್ಲ. ಕೆಲವು ದೇಶಗಳಲ್ಲಿ ಕೇಳುವುದೇ ಹಕ್ಕು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ ಕೆಲಸಕ್ಕೆ ಸೇರಿದ ಮೊದಲ ದಿನವೇ ಹೊತ್ತು ಬದಲಿಸಿ ಅಂತ ಅರ್ಜಿ ಕೊಡಬಹುದು. ಆಫೀಸಿನವರು ಅದನ್ನು ಒಪ್ಪಲೇಬೇಕು ಅಂತ ಇಲ್ಲ, ಆದರೆ ಸರಿಯಾಗಿ ಪರಿಶೀಲಿಸಬೇಕು.

ನಿಮ್ಮ ಕಷ್ಟದಿಂದ ಮಾತು ಶುರು ಮಾಡಬೇಡಿ. ಕೆಲಸ ಹೇಗೆ ನಡೆಯುತ್ತದೆ ಅನ್ನುವುದರಿಂದ ಶುರು ಮಾಡಿ. ನಾನು ಬರೆದದ್ದು ಹೀಗಿತ್ತು: "ಸರ್, ಜೂನ್‌ನಿಂದ ವಾರಕ್ಕೆ 25 ಗಂಟೆಗೆ ಬದಲಾಗಬೇಕು ಅಂತಿದ್ದೇನೆ. ಬಿಲ್ಲು, ಸಂಬಳದ ಲೆಕ್ಕ, ತಿಂಗಳ ವರದಿ ನನ್ನಲ್ಲೇ ಇರಲಿ. ಸ್ಟಾಕ್ ಎಂಟ್ರಿ ಬೇರೆಯವರಿಗೆ ಒಪ್ಪಿಸಿ, ಎರಡು ವಾರ ನಾನೇ ಕಲಿಸಿಕೊಡುತ್ತೇನೆ. ದಿನಾ ಹತ್ತರಿಂದ ಹನ್ನೆರಡು ಫೋನಿಗೆ ಸಿಗುತ್ತೇನೆ. ಮೂರು ತಿಂಗಳು ನೋಡೋಣ, ತೊಂದರೆಯಾದರೆ ಮತ್ತೆ ಕೂತು ಮಾತಾಡೋಣ." ಮೂರು ತಿಂಗಳು ಅನ್ನುವ ಮಾತೇ ಕೆಲಸ ಮಾಡಿತು ಅಂತ ಅನ್ನಿಸುತ್ತದೆ. ಶಾಶ್ವತವಾಗಿ ಒಪ್ಪಿಕೊಳ್ಳಲು ಎಲ್ಲರೂ ಹೆದರುತ್ತಾರೆ.

ಹೊಸ ಕಡೆ ಇಂಟರ್‌ವ್ಯೂನಲ್ಲಿ "ಮಗೂನ ಯಾರು ನೋಡ್ಕೋತಾರೆ?" ಅಂತ ಕೇಳಬಹುದು. ಕೇಳಬಾರದ ಪ್ರಶ್ನೆ ಅದು. ಆದರೂ ಒಂದು ಉತ್ತರ ಸಿದ್ಧ ಇರಲಿ: "ಅದಕ್ಕೆ ವ್ಯವಸ್ಥೆ ಇದೆ ಸರ್. ಕೆಲಸದ ಹೊತ್ತಿನ ಬಗ್ಗೆ ಹೇಳಿ." ಅಷ್ಟೇ ಸಾಕು. ಗಂಟೆಗಳ ಚೌಕಾಸಿ ಆಫರ್ ಬಂದ ಮೇಲೆ, ಸಹಿ ಹಾಕುವ ಮುನ್ನ. ಒಪ್ಪಿಕೊಂಡದ್ದೆಲ್ಲ ಆಫರ್ ಲೆಟರ್‌ನಲ್ಲಿ ಇರಬೇಕು. ಬಾಯಿ ಮಾತಿನಲ್ಲಿ ಒಪ್ಪಿದ ಮ್ಯಾನೇಜರ್ ಆರು ತಿಂಗಳಲ್ಲಿ ಬೇರೆ ಕಡೆ ಹೋಗಬಹುದು.

ಇದೊಂದು ಎಚ್ಚರ ಹೇಳದೆ ಇರಲಾರೆ. ಮನೆಯಲ್ಲೇ ಕೂತು ದುಡಿಯಿರಿ ಅನ್ನುವ ಜಾಹೀರಾತುಗಳ ಗುರಿ ನಾವೇ. ಕೆಲಸ ಕೊಡುವ ಮುನ್ನ ರಿಜಿಸ್ಟ್ರೇಷನ್ ಫೀಸ್, ಟ್ರೈನಿಂಗ್ ಫೀಸ್, ಡೆಪಾಸಿಟ್ ಅಂತ ದುಡ್ಡು ಕೇಳಿದರೆ ಅದು ಕೆಲಸವೇ ಅಲ್ಲ. ವಿಡಿಯೋಗೆ ಲೈಕ್ ಒತ್ತಿ, ಹೋಟೆಲಿಗೆ ರೇಟಿಂಗ್ ಕೊಡಿ ಅಂತ ಶುರುವಾಗಿ, ಮೊದಲು ಚಿಲ್ಲರೆ ದುಡ್ಡು ನಿಜಕ್ಕೂ ಹಾಕಿ, ಆಮೇಲೆ ದೊಡ್ಡ ಟಾಸ್ಕ್‌ಗೆ ನೀವೇ ದುಡ್ಡು ಕಟ್ಟಿ ಅನ್ನುವ ಮೋಸವೂ ಇದೇ ಬಗೆ. ಮಗುವಿನ ಫೀಸಿಗೆ ಇಟ್ಟ ದುಡ್ಡು ಹಾಗೆ ಹೋದವರನ್ನು ಕಂಡಿದ್ದೇನೆ.

ಕೆಲಸ ಎಷ್ಟೇ ಒಳ್ಳೆಯದಿದ್ದರೂ ಜ್ವರದ ದಿನಕ್ಕೆ ಒಂದು ಹಾಳೆ ಸಿದ್ಧ ಮಾಡಿಟ್ಟುಕೊಳ್ಳಿ. ನಾನು ಪ್ರತಿ ಶುಕ್ರವಾರ ಅದನ್ನು ಹೊಸದು ಮಾಡುತ್ತೇನೆ, ಹತ್ತು ನಿಮಿಷದ ಕೆಲಸ. ಯಾವ ಬಿಲ್ ಎಲ್ಲಿಗೆ ಬಂದಿದೆ, ಯಾವುದಕ್ಕೆ ಗಡುವು ಹತ್ತಿರ, ಯಾವ ಫೈಲ್ ಎಲ್ಲಿದೆ. ಅದು ನನ್ನ ಜೊತೆ ಕೆಲಸ ಮಾಡುವವರಿಗೂ ಸಿಗುವ ಕಡೆ ಇರುತ್ತದೆ. ಅದರ ಕೆಳಗೆ, ನನಗೋಸ್ಕರ, ಮೂರು ಫೋನ್ ನಂಬರ್: ಅರ್ಧ ಗಂಟೆಯಲ್ಲಿ ಶಾಲೆ ತಲುಪಬಲ್ಲವರದು. ಆ ಮೂವರ ಹೆಸರನ್ನೂ ಶಾಲೆಗೆ ಬರೆದುಕೊಟ್ಟಿದ್ದೇನೆ, ಇಲ್ಲದಿದ್ದರೆ ಮಗುವನ್ನು ಅವರ ಜೊತೆ ಕಳಿಸುವುದಿಲ್ಲ.